ಅಕ್ಕಿ ಕೊಡಿ, ಫೋಟೋ ಹಾಕಬೇಡಿ



ಸ್ವಲ್ಪ ಉದ್ದ ಬರೀತಿದೀನಿ. ಪುರುಸೊತ್ತಿದ್ದಾಗ ಓದಿ. ಬೈಯೋದಿದ್ರೆ ಬೈಯಿರಿ, ಆದ್ರೆ ಪೂರ್ತಿ ಓದಿ ಬೈಯಿರಿ.

ಹದಿನೈದು ದಿನದ ಹಿಂದೆ ನಮ್ಮದೇ ಒಂದು ವಾಟ್ಸಾಪ್ ಗ್ರೂಪಲ್ಲಿ ಒಬ್ಬ ಸಂಗಾತಿ ಒಂದು ಫೋಟೋ ಹಾಕಿದ್ರು. ಚರ್ಚ್ ಮುಂದೆ ಸಾಲಾಗಿ ನಿಂತ ಹೆಂಗಸರು, ಕೈಯಲ್ಲಿ ಅಕ್ಕಿ ಚೀಲ, ಹಿಂದೆ ಬ್ಯಾನರ್. ಕೆಳಗೆ, ನಮ್ಮ ಜನ ಇನ್ನೂ ಕೈ ಚಾಚೋದು ಬಿಟ್ಟಿಲ್ಲ, ಮೊದಲು ಗೌಡರ ಮನೆ ಮುಂದೆ, ಈಗ ಚರ್ಚ್ ಮುಂದೆ ಅಂತ ಬರೆದಿದ್ರು. ತುಂಬಾ ಜನ ಹೆಬ್ಬೆಟ್ಟು ಎತ್ತಿದ್ರು. ಒಬ್ಬಿಬ್ಬರು ನಕ್ಕರು. ನಾನು ಏನೂ ಬರೀಲಿಲ್ಲ. ಬರೀಬೇಕಿತ್ತು. ಯಾಕಂದ್ರೆ ಅದೇ ವಾರ ಅಂಥದ್ದೇ ಇನ್ನೊಂದು ಫೋಟೋ ಹಿಂದೆ ನಾನು ಕಚೇರಿಯಿಂದ ಕಚೇರಿಗೆ ಅಲೀತಿದ್ದೆ. ಆ ಕತೆ ಆಮೇಲೆ ಹೇಳ್ತೀನಿ. ಮೊದಲು ಈ ಅಕ್ಕಿ ಕೊಡೋರು ಯಾರು ಅನ್ನೋದು ಹೇಳ್ಬೇಕು. ನಮ್ಮಲ್ಲಿ ತುಂಬಾ ಜನಕ್ಕೆ ಗೊತ್ತಿಲ್ಲ. ಚರ್ಚ್ ಅಂದ ತಕ್ಷಣ ಬಿಳಿ ನಿಲುವಂಗಿ, ಕಾನ್ವೆಂಟ್ ಫೀಸು, ಫಾರಿನ್ ದುಡ್ಡು ಇಷ್ಟೇ ಕಣ್ಣ ಮುಂದೆ ಬರೋದು.

ಕೆಜಿಎಫ್‌ನಲ್ಲಿ ನನ್ನ ಹಳೇ ಗೆಳೆಯನೊಬ್ಬನ ಮನೆ ಇದೆ. ಗಣಿ ಕಾರ್ಮಿಕರಿಗೆ ಕಟ್ಟಿದ್ದ ಲೈನ್ ಮನೆ. ಒಂದು ರೂಮು, ಒಂದು ಅಡುಗೆ ಜಾಗ, ಮೇಲೆ ಶೀಟು. ಅವನಪ್ಪ ಗಣಿಯಲ್ಲಿ ಇಳಿದು ಬಂಡೆ ಕೊರೀತಿದ್ದೋರು. ಆ ಧೂಳು ಶ್ವಾಸಕೋಶದಲ್ಲೇ ಕೂತುಬಿಡ್ತು. ಸಿಲಿಕೋಸಿಸ್ ಅಂತಾರಲ್ಲ, ಅದು. ಕೊನೇ ಎರಡು ವರ್ಷ ಮಲಗಿದ್ರೆ ಉಸಿರು ಬರ್ತಿರಲಿಲ್ಲ, ಗೋಡೆಗೆ ಒರಗಿ ಕೂತೇ ನಿದ್ದೆ ಮಾಡೋರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ನೂರಿಪ್ಪತ್ತು ವರ್ಷ ಚಿನ್ನ ತೆಗೆದ ಊರಿಗೆ ಉಳಿದಿದ್ದು ಸೈನೈಡ್ ಮಣ್ಣಿನ ದಿಬ್ಬ, ಕಾಯಿಲೆ, ಮತ್ತೆ ಬೆಳಗಿನ ಜಾವ ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಡೋ ರೈಲು. ಆ ರೈಲಲ್ಲಿ ಒಂದ್ಸಲ ಹೋಗಿ ನೋಡಿ. ಸೆಕ್ಯುರಿಟಿ ಗಾರ್ಡು, ಹೌಸ್ ಕೀಪಿಂಗು, ಗಾರ್ಮೆಂಟ್ಸು, ಎಲ್ಲ ನಮ್ಮೋರೇ. ನಿಂತುಕೊಂಡೇ ನಿದ್ದೆ ಮಾಡ್ತಿರ್ತಾರೆ.

ಒಂದು ಭಾನುವಾರ ಮಧ್ಯಾಹ್ನ ಆ ಗೆಳೆಯನ ತಾಯಿಯನ್ನ ನೋಡೋಕೆ ಹೋಗಿದ್ದೆ. ಮಗ ಕೆಲಸಕ್ಕೆ ಅಂತ ಹೊಸೂರಲ್ಲಿದ್ದ. ನಾವು ಮಾತಾಡ್ತಿರುವಾಗ ಇಬ್ಬರು ಬಂದ್ರು. ಒಬ್ಬರಿಗೆ ಐವತ್ತೈದು ಇರಬಹುದು, ಇನ್ನೊಬ್ಬ ಹುಡುಗ. ಕೈಯಲ್ಲಿ ಬಟ್ಟೆ ಚೀಲ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು ಚಾಪೆ ಮೇಲೆ ಕೂತ್ರು. ಅಮ್ಮ ಚೊಂಬಲ್ಲಿ ನೀರು ಕೊಟ್ರು, ಇಬ್ಬರೂ ಕುಡಿದ್ರು. ಆಮೇಲೆ ಟೀ. ಹಾಲಿಲ್ಲದ ಟೀ. ಮಂಡಿನೋವು ಹೇಗಿದೆ, ಮಗ ಫೋನ್ ಮಾಡಿದ್ನಾ, ಹಿಂದಿನ ಸಲ ತಂದ ಮಾತ್ರೆ ಹೊಟ್ಟೆ ಉರಿ ಮಾಡ್ತಾ ಅಂತ ಕೇಳಿದ್ರು. ಅರ್ಧ ಗಂಟೆ ಕೂತಿದ್ರು. ಹೊರಡುವಾಗ ಚೀಲದಿಂದ ಅಕ್ಕಿ, ಬೇಳೆ, ಎಣ್ಣೆ ಪ್ಯಾಕೆಟ್ಟು, ಎರಡು ಸ್ಟ್ರಿಪ್ ಮಾತ್ರೆ ತೆಗೆದು ಅಡುಗೆ ಮೂಲೆಯಲ್ಲಿಟ್ರು. ಕೈಗೆ ಕೊಡಲಿಲ್ಲ. ಅಲ್ಲಿಟ್ಟು ಹೋದ್ರು. ಫೋಟೋ ಇಲ್ಲ, ಭಾಷಣ ಇಲ್ಲ.

ನಾನು ಹಿಂದೆಯೇ ಹೋಗಿ ಮಾತಾಡಿಸ್ದೆ. ಸಂತ ವಿನ್ಸೆಂಟ್ ಡಿ ಪಾಲ್ ಸಭೆಯವರಂತೆ. ಎಲ್ಲರೂ ಎಸ್‌ವಿಪಿ ಅಂತಾರೆ. ಪಾದ್ರಿಗಳಲ್ಲ, ಸಿಸ್ಟರ್‌ಗಳಲ್ಲ, ಸಂಬಳ ತಗೊಳೋರಲ್ಲ, ಚರ್ಚಿಗೆ ಬರೋ ಸಾಮಾನ್ಯ ಜನ. ಆ ದೊಡ್ಡೋರು ಬೆಂಗಳೂರಲ್ಲಿ ಒಂದು ಅಪಾರ್ಟ್‌ಮೆಂಟ್ ಗೇಟಲ್ಲಿ ನೈಟ್ ಡ್ಯೂಟಿ ಮಾಡ್ತಾರೆ. ಅವರಪ್ಪನೂ ಗಣಿಯಲ್ಲಿದ್ದೋರೇ, ಅದೇ ಕಾಯಿಲೆಯಲ್ಲಿ ಹೋದೋರೇ. ಜಾತಿ ಕೇಳೋ ಅಗತ್ಯ ಬೀಳಲಿಲ್ಲ. ಆರ್ಕಾಟ್ ಕಡೆಯಿಂದ, ಚಿತ್ತೂರು ಕಡೆಯಿಂದ ಗಣಿಗೆ ಬಂದ ಆದಿ ದ್ರಾವಿಡ ಕುಟುಂಬಗಳ ಮೊಮ್ಮಕ್ಕಳು ಇವರು. ಕೊಡೋ ಕೈನೂ ನಮ್ಮದೇ, ತಗೊಳೋ ಕೈನೂ ನಮ್ಮದೇ. ವಾಟ್ಸಾಪಲ್ಲಿ ನಗೋ ಮುಂಚೆ ಇದು ಗೊತ್ತಿರಲಿ.

ಅವರು ಕೆಲಸ ಮಾಡೋ ರೀತಿ ಕೇಳಿ ನನಗೆ ಆಶ್ಚರ್ಯ ಆಯ್ತು. ಪೂಜೆ ಮುಗಿದ ಮೇಲೆ ಚರ್ಚ್ ಪಕ್ಕದ ರೂಮಲ್ಲಿ ಮೀಟಿಂಗು. ಕಾನ್ಫರೆನ್ಸ್ ಅಂತಾರೆ ಅದಕ್ಕೆ, ಎಂಟು ಹತ್ತು ಜನ ಇದ್ರೂ ಕಾನ್ಫರೆನ್ಸೇ. ಒಂದು ಬಟ್ಟೆ ಚೀಲ ಸುತ್ತು ಬರುತ್ತೆ. ಎಲ್ಲರೂ ಮುಷ್ಟಿ ಮಾಡಿಕೊಂಡು ಅದರೊಳಗೆ ಕೈ ಹಾಕ್ತಾರೆ. ಯಾರು ಎಷ್ಟು ಹಾಕಿದ್ರು ಯಾರಿಗೂ ಗೊತ್ತಾಗಲ್ಲ. ಏನೂ ಇಲ್ಲದೋನು ಖಾಲಿ ಮುಷ್ಟಿ ಹಾಕಿ ತೆಗೀಬಹುದು. ಆಮೇಲೆ ಇಬ್ಬಿಬ್ಬರು ಜೋಡಿಯಾಗಿ, ತಾವು ವಹಿಸಿಕೊಂಡ ಮನೆಗಳಿಗೆ ಹೋಗ್ಬೇಕು. ಮನೆಗೇ ಹೋಗ್ಬೇಕು ಅನ್ನೋದು ಮುಖ್ಯ. ಕರೆಸಿ ಸಾಲಲ್ಲಿ ನಿಲ್ಲಿಸಿ ಕೊಡೋದಲ್ಲ. ಇನ್ನೊಂದು ನಿಯಮ, ಯಾವ ಧರ್ಮ ಯಾವ ಜಾತಿ ಅಂತ ನೋಡಿ ಕೊಡಂಗಿಲ್ಲ. ಆ ದೊಡ್ಡೋರ ಪಟ್ಟಿಯಲ್ಲಿ ಒಂದು ಮುಸ್ಲಿಂ ಮನೆ ಇತ್ತು, ಎರಡು ಮಾರಿಯಮ್ಮನ ಒಕ್ಕಲು ಮನೆ ಇತ್ತು.

ಮನೆಗೆ ಬಂದು ಇದರ ಇತಿಹಾಸ ಹುಡುಕಿದೆ. 1833ರಲ್ಲಿ, ಪ್ಯಾರಿಸ್‌ನಲ್ಲಿ ಶುರುವಾಗಿದ್ದು. ಅದಕ್ಕೆ ಹಿಂದಿನ ವರ್ಷ ಆ ಊರಲ್ಲಿ ಕಾಲರಾ ಬಂದು ಕೊಳೆಗೇರಿಗಳೇ ಖಾಲಿಯಾಗಿದ್ವು. ಫ್ರೆಡೆರಿಕ್ ಓಝಾನಮ್ ಅಂತ ಕಾನೂನು ಓದ್ತಿದ್ದ ಹುಡುಗ, ವಯಸ್ಸು ಇಪ್ಪತ್ತು. ವಿದ್ಯಾರ್ಥಿಗಳ ಚರ್ಚಾಕೂಟದಲ್ಲಿ ಕ್ರೈಸ್ತ ಧರ್ಮ ಹಂಗೆ ಮಾಡಿತು ಹಿಂಗೆ ಮಾಡಿತು ಅಂತ ವಾದ ಮಾಡ್ತಿದ್ದ. ಎದುರಿಗಿದ್ದ ಸಮಾಜವಾದಿ ಹುಡುಗನೊಬ್ಬ ಕೇಳಿದ: ಹಳೇ ಕತೆ ಬಿಡಪ್ಪ, ಇವತ್ತು, ಈ ಊರಲ್ಲಿ, ಬಡವರಿಗೆ ನೀವು ಏನು ಮಾಡ್ತಿದೀರಿ? ಓಝಾನಮ್ ಹತ್ರ ಉತ್ತರ ಇರಲಿಲ್ಲ. ಅವನೂ ಅವನ ಗೆಳೆಯರೂ ಸೇರಿ ಏಳು ಜನ ಶುರು ಮಾಡಿದ್ರು. ರೋಸಲಿ ರೆಂಡು ಅನ್ನೋ ಸಿಸ್ಟರ್, ಪ್ಯಾರಿಸ್‌ನ ಮುಫ್ತಾರ್ ಬೀದಿಯ ಬಡವರ ಮಧ್ಯೆ ವರ್ಷಗಟ್ಟಲೆ ಕೆಲಸ ಮಾಡಿದ್ದೋರು, ಯಾವ ಮನೆಗೆ ಹೋಗ್ಬೇಕು, ಹೋದಾಗ ಹೇಗೆ ನಡ್ಕೋಬೇಕು ಅಂತ ಈ ಹುಡುಗರಿಗೆ ಕಲಿಸಿದ್ರು. ಮೂವತ್ತು ವರ್ಷದಲ್ಲಿ, 1863ಕ್ಕೆ, ಅದು ಬೊಂಬಾಯಿಗೂ ಬಂತು. ನನಗೆ ಖುಷಿ ಕೊಟ್ಟಿದ್ದು ಒಂದೇ. ಈ ಇಡೀ ಸಂಸ್ಥೆ ಹುಟ್ಟಿದ್ದು ಒಬ್ಬ ಸಂಗಾತಿಯ ಪ್ರಶ್ನೆಯಿಂದ. ಪ್ರಶ್ನೆ ಕೇಳಿದೋನು ನಮ್ಮೋನು, ಉತ್ತರ ಹುಡುಕಿಕೊಂಡು ಕೇರಿಗೆ ಹೋದೋನು ಅವರೋನು. ಓಝಾನಮ್ ಬರೀ ದಾನದಲ್ಲಿ ನಿಲ್ಲಲಿಲ್ಲ. 1848ರ ಕ್ರಾಂತಿ ಬಂದಾಗ ಕಾರ್ಮಿಕರ ಪರವಾಗಿ ಪತ್ರಿಕೆಯಲ್ಲಿ ಬರೆದ, ಚುನಾವಣೆಗೆ ನಿಂತು ಸೋತ. ದಾನದ ಜೊತೆ ನ್ಯಾಯವೂ ಬೇಕು ಅಂತ ಬರೆದವನು ಅವನು. 40ನೇ ವಯಸ್ಸಿಗೆ ಸತ್ತ.

ಅದೇ ಪ್ರಶ್ನೆ ಈಗ ನಮಗೆ ಕೇಳ್ಕೋಬೇಕಾಗಿದೆ. ದಾನ ಬೇಡ ಹಕ್ಕು ಬೇಕು ಅಂತ ನಾನೂ ಎಷ್ಟು ವೇದಿಕೆಯಲ್ಲಿ ಕೂಗಿದೀನಿ. ಈಗಲೂ ಕೂಗ್ತೀನಿ. ಆದ್ರೆ ಆ ಅಮ್ಮನ ಮನೆಗೆ ನಾನು ಹೋಗಿದ್ದು ಮೂರು ವರ್ಷದ ಮೇಲೆ. ಆ ಗೇಟ್ ಕಾಯೋ ಅಣ್ಣ ವಾರಪೂರ್ತಿ ರಾತ್ರಿ ನಿದ್ದೆಗೆಟ್ಟು, ಇರೋ ಒಂದು ಭಾನುವಾರದಲ್ಲಿ ಐದು ಮನೆ ತಿರುಗ್ತಾನೆ. ದಸಂಸದ ಶುರುವಿನ ದಿನಗಳಲ್ಲಿ ನಮ್ಮ ಹಿರಿಯರು ಹೇಗಿದ್ರು? ಕೇರಿಗೆ ಹೋದ್ರೆ ಕೇರಿಯಲ್ಲೇ ಉಂಡು, ಜಗುಲಿ ಮೇಲೆ ಮಲಗಿ, ಬೆಳಗ್ಗೆ ಇನ್ನೊಂದು ಊರಿಗೆ ನಡೆದು ಹೋಗೋರು. ಯಾವ ಮನೆಯಲ್ಲಿ ಯಾರಿಗೆ ಕಾಯಿಲೆ, ಯಾರ ಜಮೀನು ಯಾರ ಹೆಸರಲ್ಲಿದೆ, ಎಲ್ಲ ಬಾಯಲ್ಲಿರೋದು. ನಾವೀಗ ಏಪ್ರಿಲ್ 14ಕ್ಕೆ ಹೋಗ್ತೀವಿ, ಕೊಲೆಯಾದ್ರೆ ಹೋಗ್ತೀವಿ. ಮಧ್ಯೆ ಲೈವ್ ಮಾಡ್ತೀವಿ. (ನಾನೂ ಮಾಡ್ತೀನಿ, ಗೊತ್ತು.)

ಇಷ್ಟು ಹೊಗಳಿದ ಮೇಲೆ ತಕರಾರಿಗೆ ಬರ್ತೀನಿ.

ಆ ಅಮ್ಮನಿಗೆ ಸಂಧ್ಯಾ ಸುರಕ್ಷಾ 1,200 ರೂಪಾಯಿ ಬರ್ತಿತ್ತು. ಏಳು ತಿಂಗಳಿಂದ ಬಂದಿಲ್ಲ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಎಲ್ಲೋ ತಪ್ಪಿದೆ. ಆ ಇಬ್ಬರಿಗೂ ಅದು ಗೊತ್ತಿತ್ತು. ಪ್ರತಿ ಸಲ ಕೇಳ್ತಾರೆ, ಪೆನ್ಷನ್ ಬಂತಾ ಅಮ್ಮ? ಇಲ್ಲಪ್ಪ. ಪಾಪ ಅಂತ ಅಕ್ಕಿ ಸ್ವಲ್ಪ ಜಾಸ್ತಿ ಇಡ್ತಾರೆ. ಏಳು ತಿಂಗಳಲ್ಲಿ ಒಬ್ಬರಾದ್ರೂ ಅಮ್ಮನ ಜೊತೆ ಬ್ಯಾಂಕಿಗೆ, ನಾಡಕಚೇರಿಗೆ ಹೋಗಿಲ್ಲ. 1,200 ಇಂಟು 7, ಎಂಟು ಸಾವಿರದ ನಾನೂರು. ಅಷ್ಟು ಬೆಲೆಯ ಅಕ್ಕಿ ಅವರು ಕೊಟ್ಟಿರೋಕೆ ಸಾಧ್ಯ ಇಲ್ಲ. ಯಾಕಣ್ಣ ಹೋಗಲಿಲ್ಲ ಅಂದೆ. ಅದೆಲ್ಲ ರಾಜಕೀಯ ಆಗ್ಬಿಡುತ್ತೆ ಸಾರ್, ನಾವು ಸೇವೆ ಮಾತ್ರ ಅಂದ್ರು. ನನಗೆ ಸಿಟ್ಟು ಬಂತು. ಆಮೇಲೆ ಯೋಚಿಸಿದೆ, ಇವರಿಗೆ ಕಚೇರಿ ಭಯ ಇದೆ. ನಮ್ಮಪ್ಪನಿಗೂ ಇತ್ತು. ತಹಶೀಲ್ದಾರ್ ಮುಂದೆ ನಿಂತು ಯಾಕೆ ಕೊಡಲ್ಲ ಅಂತ ಕೇಳೋದು ನಮಗೆ ಚಳವಳಿ ಕಲಿಸಿದ್ದು, ಹುಟ್ಟಿನಿಂದ ಬಂದಿದ್ದಲ್ಲ. ಅವರಿಗೆ ಆ ಪಾಠ ಸಿಕ್ಕಿಲ್ಲ. ನಮಗೆ ಮನೆಮನೆಗೆ ಹೋಗೋ ಪಾಠ ಮರೆತುಹೋಗಿದೆ.

ಎರಡನೇ ತಕರಾರು ಇನ್ನೂ ದೊಡ್ಡದು. ಎಲ್ಲಾ ಊರೂ ಕೆಜಿಎಫ್ ಅಲ್ಲ. ಕೊಡೋರು ಒಂದು ಜಾತಿ, ತಗೊಳೋರು ನಮ್ಮ ಜಾತಿ, ಇಬ್ಬರೂ ಒಂದೇ ಶಿಲುಬೆ ಮುಂದೆ ಮಂಡಿ ಊರೋರು, ಹೀಗಿರೋ ಧರ್ಮಕೇಂದ್ರಗಳನ್ನ ನಾನು ನೋಡಿದೀನಿ. ಅಲ್ಲಿ ಅಕ್ಕಿ ಬರುತ್ತೆ, ಪಾಲನಾ ಸಮಿತಿಯಲ್ಲಿ ಕುರ್ಚಿ ಬರಲ್ಲ. ಹಬ್ಬದ ತೇರು ಎಳೆಯೋಕೆ ಕರೀತಾರೆ, ಹೆಣ್ಣು ಕೊಡಲ್ಲ. ತಮಿಳುನಾಡಿನ ತಿರುಚ್ಚಿಯಲ್ಲಿ, ಮೇಲಪುದೂರಿನ ಕ್ರೈಸ್ತ ಸ್ಮಶಾನದಲ್ಲಿ ದಲಿತರ ಗೋರಿಗೂ ಉಳಿದವರ ಗೋರಿಗೂ ನಡುವೆ ಗೋಡೆಯೇ ಇದೆ. ಇದು ನಾನು ಹೊರಗಿನಿಂದ ಹಾಕ್ತಿರೋ ಆರೋಪ ಅಲ್ಲ. 2016ರ ಡಿಸೆಂಬರ್‌ನಲ್ಲಿ ಭಾರತದ ಕ್ಯಾಥೊಲಿಕ್ ಬಿಷಪ್‌ಗಳ ಸಮ್ಮೇಳನವೇ ದಲಿತರ ಸಬಲೀಕರಣದ ನೀತಿ ಅಂತ ಒಂದು ದಾಖಲೆ ಹೊರಡಿಸಿ, ನಮ್ಮೊಳಗೆ ಅಸ್ಪೃಶ್ಯತೆ ಇದೆ ಅಂತ ಒಪ್ಕೊಂಡಿತು. ಒಪ್ಪಿದ್ದು ಒಳ್ಳೇದೇ. ನಮ್ಮ ಮಠಗಳು ಅಷ್ಟೂ ಒಪ್ಪಿಲ್ಲ. ಆದ್ರೆ ಒಪ್ಪಿ ಇಷ್ಟು ವರ್ಷ ಆಯ್ತಲ್ಲ?

ಬಾಬಾಸಾಹೇಬರು ಕ್ರೈಸ್ತರಾದ ಅಸ್ಪೃಶ್ಯರ ಬಗ್ಗೆ ಬರೆದಿದ್ದನ್ನ ನಮ್ಮೋರು ಕಡಿಮೆ ಓದ್ತಾರೆ. ಮಿಷನ್ ಶಾಲೆ, ಆಸ್ಪತ್ರೆಗಳ ಸೇವೆಯನ್ನ ಅವರು ಸಣ್ಣದು ಅನ್ನಲಿಲ್ಲ. ಅದರ ಲಾಭ ಹೆಚ್ಚಾಗಿ ಸವರ್ಣ ಹಿಂದೂಗಳಿಗೇ ಹೋಯ್ತು, ಚರ್ಚ್ ಸೇರಿದ ಅಸ್ಪೃಶ್ಯನ ಬೆನ್ನು ಬಿಡದ ಜಾತಿಯ ವಿರುದ್ಧ ಹೋರಾಟ ನಡೀಲಿಲ್ಲ ಅನ್ನೋದು ಅವರ ದೂರು. ಕೆಜಿಎಫ್‌ನ ಆ ಚಾಪೆ ಮೇಲೆ ಕೂತಿದ್ದಾಗ ನನಗೆ ಅದೇ ನೆನಪಾಗ್ತಿತ್ತು. ಹಸಿವಿನ ವಿಷಯ ಮಾತಾಡ್ತಾರೆ, ಕಾಯಿಲೆ ವಿಷಯ ಮಾತಾಡ್ತಾರೆ. ಜಾತಿ ಬಂದ ತಕ್ಷಣ ಪ್ರಾರ್ಥನೆ ಮಾಡೋಣ ಅಂತಾರೆ.

ಈಗ ಆ ಇನ್ನೊಂದು ಫೋಟೋ ಕತೆ. ಇದು ಕೆಜಿಎಫ್ ಅಲ್ಲ, ಬೇರೆ ಊರು. ಊರು, ಚರ್ಚು, ಇಲಾಖೆ, ಹುಡುಗನ ಹೆಸರು ಯಾವುದೂ ಹೇಳಲ್ಲ. ದಯವಿಟ್ಟು ಕಾಮೆಂಟಲ್ಲಿ ಊಹೆ ಮಾಡಬೇಡಿ. ಒಂದು ಜೀವನದ ಪ್ರಶ್ನೆ.

ನಮ್ಮ ಹುಡುಗ. ಡಿಗ್ರಿ ಮಾಡಿ, ನಾಲ್ಕು ವರ್ಷ ಬಾಡಿಗೆ ರೂಮಲ್ಲಿ ಓದಿ, ಎಸ್‌ಸಿ ಕೋಟಾದಲ್ಲಿ ಒಂದು ಸರ್ಕಾರಿ ಕೆಲಸಕ್ಕೆ ಆಯ್ಕೆಯಾದ. ಅವನ ವಂಶದಲ್ಲಿ ಮೊದಲನೇ ಸರ್ಕಾರಿ ನೌಕರಿ. ಆಯ್ಕೆಯಾದ ಮೇಲೆ ಜಾತಿ ಸಿಂಧುತ್ವ ಪ್ರಮಾಣಪತ್ರ ಬೇಕಲ್ಲ, ಅರ್ಜಿ ಜಿಲ್ಲಾ ಜಾತಿ ಪರಿಶೀಲನಾ ಸಮಿತಿಗೆ ಹೋಯ್ತು. ಅಷ್ಟರಲ್ಲಿ ಒಂದು ದೂರು ಬಂತು. ಇವನು ಕ್ರಿಶ್ಚಿಯನ್, ಎಸ್‌ಸಿ ಅಲ್ಲ ಅಂತ. ದೂರಿನ ಜೊತೆ ಸಾಕ್ಷಿ ಒಂದೇ. ಫೇಸ್‌ಬುಕ್ಕಿನ ಒಂದು ಸ್ಕ್ರೀನ್‌ಶಾಟ್. ಆ ಊರ ಚರ್ಚಿನ ಸ್ವಯಂಸೇವಕರು ಕ್ರಿಸ್ಮಸ್ ಹಿಂದಿನ ಭಾನುವಾರ ಅಕ್ಕಿ ಹಂಚಿದ ಫೋಟೋ. ಅದರಲ್ಲಿ ಇವನ ಅಜ್ಜಿ. ಪಕ್ಕದಲ್ಲಿ ಇವನು. ಅಜ್ಜಿಗೆ ಹತ್ತು ಕೆಜಿ ಚೀಲ ಹೊರೋಕೆ ಆಗಲ್ಲ ಅಂತ ಸೈಕಲ್ ತಗೊಂಡು ಬಂದಿದ್ದ, ಅಷ್ಟೇ. ಫೋಟೋ ಕೆಳಗೆ ನಮ್ಮ ಧರ್ಮಕೇಂದ್ರದ ಬಡ ಕುಟುಂಬಗಳು ಅಂತ ಬರೆದಿತ್ತು. ಅಜ್ಜಿ ಮನೆಯಲ್ಲಿ ಇರೋದು ಯಲ್ಲಮ್ಮನ ಪಟ. ಅಕ್ಕಿ ಕೊಡ್ತಾರೆ ಅಂತ ಪಕ್ಕದ ಮನೆಯವಳು ಕರೆದಳು, ಹೋದಳು.

ಧರ್ಮ ಕೇಳದೆ ಕೊಡ್ಬೇಕು ಅನ್ನೋದು ಈ ಸ್ವಯಂಸೇವಕರ ನಿಯಮ. ಅವರು ಕೇಳಲೂ ಇಲ್ಲ. ಆದ್ರೆ ಫೋಟೋ ಧರ್ಮ ಕಟ್ಟಿಬಿಡ್ತು.

ಇದರಲ್ಲಿ ಎಷ್ಟು ಅಪಾಯ ಇದೆ ಅಂತ ಗೊತ್ತಿಲ್ಲದೋರಿಗೆ ಹೇಳ್ತೀನಿ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಹಿಂದೂ ಧರ್ಮದಲ್ಲಿ ಇರೋನು ಮಾತ್ರ ಪರಿಶಿಷ್ಟ ಜಾತಿ. 1956ರಲ್ಲಿ ಸಿಖ್ಖರನ್ನ ಸೇರಿಸಿದ್ರು, 1990ರಲ್ಲಿ ಬೌದ್ಧರನ್ನ. ನೆನಪಿಡಿ, ಬಾಬಾಸಾಹೇಬರ ಜೊತೆ 1956ರಲ್ಲಿ ಬೌದ್ಧರಾದ ನಮ್ಮ ಜನಕ್ಕೂ ಮೂವತ್ನಾಲ್ಕು ವರ್ಷ ಇದೇ ಗತಿ ಇತ್ತು. ಕ್ರೈಸ್ತ ದಲಿತ, ಮುಸ್ಲಿಂ ದಲಿತ ಇವತ್ತಿಗೂ ಹೊರಗೆ. ಕೇರಿ ಅದೇ, ಜಾತಿಬೈಗುಳ ಅದೇ. ಸರ್ಟಿಫಿಕೇಟ್ ಇಲ್ಲ. 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಈ ಧರ್ಮದ ಷರತ್ತು ತೆಗೀರಿ ಅಂತು. ತೆಗೀಲಿಲ್ಲ. 2022ರಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಆಯೋಗ ಮಾಡಿದ್ರು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಪುದುಚೇರಿಯ ಹೆಣ್ಣುಮಗಳೊಬ್ಬಳಿಗೆ ಎಸ್‌ಸಿ ಪ್ರಮಾಣಪತ್ರ ಕೊಡೋಕಾಗಲ್ಲ ಅಂತು. ಅಲ್ಲಿ ಸಾಕ್ಷಿಯಾಗಿ ನಿಂತಿದ್ದು ಜ್ಞಾನಸ್ನಾನದ ದಾಖಲೆ, ಚರ್ಚಿಗೆ ಹೋಗೋ ರೂಢಿ. ಚರ್ಚಿನ ಒಂದೊಂದು ಕಾಗದ, ಒಂದೊಂದು ಫೋಟೋ ನಮ್ಮ ಮಕ್ಕಳ ಕತ್ತಿನ ಮೇಲೆ ಹೇಗೆ ಬರುತ್ತೆ ಅಂತ ಈಗ ಗೊತ್ತಾಯ್ತಾ?

ಹುಡುಗ ಅಳ್ತಾ ಫೋನ್ ಮಾಡಿದ. ನಾನು, ವಕೀಲ ಗೆಳೆಯರೊಬ್ಬರು, ಆ ಚರ್ಚಿಗೆ ಹೋದ್ವಿ. ನಮ್ಮ ಬೇಡಿಕೆ ಸಣ್ಣದು. ಈ ಕುಟುಂಬ ನಮ್ಮ ಸದಸ್ಯರಲ್ಲ, ಧರ್ಮ ಕೇಳದೆ ಎಲ್ಲರಿಗೂ ಅಕ್ಕಿ ಕೊಟ್ವಿ, ಇವರಿಗೂ ಕೊಟ್ವಿ ಅಂತ ಒಂದು ಪತ್ರ. ಸತ್ಯ ಇಷ್ಟೇ ತಾನೇ, ಬರೆದು ಕೊಡಿ ಅಂದ್ವಿ. ಮೊದಲು ಸರಿ ಅಂದ್ರು. ಎರಡು ದಿನ ಬಿಟ್ಟು ಆಗಲ್ಲ ಅಂದ್ರು.

ಯಾಕೆ ಆಗಲ್ಲ? ಇಲ್ಲೇ ಇರೋದು ಕುಣಿಕೆ. 2022ರಲ್ಲಿ ನಮ್ಮ ರಾಜ್ಯದಲ್ಲಿ ಬಂದ ಮತಾಂತರ ನಿಷೇಧ ಕಾಯ್ದೆಯಲ್ಲಿ ಆಮಿಷ ಅನ್ನೋ ಪದದ ಅರ್ಥವನ್ನ ಎಷ್ಟು ಅಗಲ ಮಾಡಿದಾರೆ ಅಂದ್ರೆ ಉಡುಗೊರೆ, ಹಣ, ವಸ್ತು ರೂಪದ ಲಾಭ ಎಲ್ಲ ಅದರೊಳಗೆ ಬರುತ್ತೆ. ಮತಾಂತರ ಆದೋರು ಪರಿಶಿಷ್ಟ ಜಾತಿಯವರಾದ್ರೆ ಶಿಕ್ಷೆ ಮೂರರಿಂದ ಹತ್ತು ವರ್ಷ. ತಾನು ತಪ್ಪು ಮಾಡಿಲ್ಲ ಅಂತ ಸಾಬೀತು ಮಾಡೋ ಹೊಣೆ ಆರೋಪಿ ಮೇಲೆ. ಈ ಕಾಯ್ದೆ ರದ್ದು ಮಾಡೋಕೆ 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನ ಮಾಡ್ತು, ಹಳ್ಳಿ ಚರ್ಚಿನ ಭಯ ಅದರಿಂದ ಹೋಗಿಲ್ಲ. ಹಿಂದೂ ಎಸ್‌ಸಿ ಅಜ್ಜಿಗೆ ಕ್ರಿಸ್ಮಸ್ ಹೊತ್ತಿಗೆ ಅಕ್ಕಿ ಕೊಟ್ವಿ ಅಂತ ಲೆಟರ್‌ಹೆಡ್‌ನಲ್ಲಿ ಬರೆದು ಸೀಲ್ ಹಾಕಿದ್ರೆ, ನಾಳೆ ಅದನ್ನೇ ಹಿಡ್ಕೊಂಡು ಯಾರಾದ್ರೂ ಠಾಣೆಗೆ ಹೋದ್ರೆ? ಸಭೆಯವರ ಪ್ರಶ್ನೆ ಅದು. ಸುಳ್ಳು ಭಯ ಅಂತ ಹೇಳೋಕೆ ನನ್ನ ಬಾಯಿ ಬರಲಿಲ್ಲ.

ನೋಡಿ ಹೇಗಿದೆ. ಅಜ್ಜಿ ಕ್ರಿಶ್ಚಿಯನ್ ಅಂದ್ರೆ ಮೊಮ್ಮಗನ ಕೆಲಸ ಹೋಯ್ತು. ಅಜ್ಜಿ ಹಿಂದೂ ಅಂದ್ರೆ ಅಕ್ಕಿ ಆಮಿಷ ಆಯ್ತು. ಹತ್ತು ಕೆಜಿ ಅಕ್ಕಿಗೆ ಎರಡು ಕಡೆಯಿಂದ ಹಗ್ಗ. ದೂರು ಕೊಟ್ಟೋನು ಯಾರು ಅಂತ ನಮಗೆ ಗೊತ್ತು. ಆ ಕೆಲಸದ ಮೇಲೆ ಕಣ್ಣಿಟ್ಟೋನಲ್ಲ, ಅವನಿಗೆ ಆ ಹುಡುಗ ಶರ್ಟ್ ಇನ್ ಮಾಡ್ಕೊಂಡು ಊರ ಮುಂದೆ ಬೈಕಲ್ಲಿ ಹೋಗೋದು ನೋಡೋಕಾಗಲ್ಲ. ಇನ್ನು ಆಮಿಷದ ಮಾತಾಡೋ ಧರ್ಮರಕ್ಷಕರಿಗೆ ಒಂದು ಪ್ರಶ್ನೆ. ಆ ಅಜ್ಜಿಗೆ ಹತ್ತು ಕೆಜಿ ಅಕ್ಕಿ ಬೇಕಾಗಿತ್ತು ಅನ್ನೋದು ನಿಮಗೆ ಗೊತ್ತಿತ್ತಾ? ಅವಳ ಮನೆ ಯಾವ ಬೀದಿಯಲ್ಲಿದೆ ಅಂತಾದ್ರೂ ಗೊತ್ತಾ? ಊರ ದೇವಸ್ಥಾನದ ಅನ್ನದಾನದಲ್ಲಿ ಅವಳನ್ನ ಯಾವ ಸಾಲಲ್ಲಿ ಕೂರಿಸ್ತೀರಿ? 2025ರ ಸೆಪ್ಟೆಂಬರ್ ಸಮೀಕ್ಷೆ ಹೊತ್ತಿಗೆ ಜಾತಿ ಹೆಸರಿನ ಜೊತೆ ಕ್ರಿಶ್ಚಿಯನ್ ಅಂತ ಪಟ್ಟಿಯಲ್ಲಿ ಇದ್ದಿದ್ದಕ್ಕೇ ಎಷ್ಟು ಗದ್ದಲ ಮಾಡಿದ್ರಿ. ಮತಾಂತರ ಆದ್ರೆ ಜಾತಿ ಹೋಗುತ್ತೆ ಅಂತ ಕೋರ್ಟಲ್ಲಿ ವಾದ, ಕೇರಿಯಲ್ಲಿ ಮಾತ್ರ ಹೋಗಬಾರದು.

ಚರ್ಚಿನ ಗೆಳೆಯರಿಗೆ, ವಿಶೇಷವಾಗಿ ಈ ಸೇವೆ ಮಾಡೋ ಅಣ್ಣಂದಿರಿಗೆ, ಅಕ್ಕಂದಿರಿಗೆ ಕೈಮುಗಿದು ಹೇಳ್ತೀನಿ. ಫೋಟೋ ಹಾಕಬೇಡಿ. ಮುಖ ಮಸುಕು ಮಾಡಿನೂ ಹಾಕಬೇಡಿ. ನಿಮ್ಮ ಹಿರಿಯರು ಚೀಲದೊಳಗೆ ಮುಷ್ಟಿ ಹಾಕೋ ಕ್ರಮ ಯಾಕೆ ಮಾಡಿದ್ರು ಯೋಚಿಸಿ. ಕೊಡೋನ ಕೈ ಗುಟ್ಟಾಗಿರಬೇಕಾದ್ರೆ ತಗೊಳೋಳ ಮುಖ ಯಾಕೆ ಊರಿಗೆಲ್ಲ ಕಾಣ್ಬೇಕು? ದಾನಿಗಳು ಲೆಕ್ಕ ಕೇಳ್ತಾರೆ, ಫೋಟೋ ಕೇಳ್ತಾರೆ ಅಂತೀರಿ. ಗೊತ್ತು. ನಮ್ಮ ಸಂಘಟನೆಗೂ ಕೇಳ್ತಾರೆ. ಅಕ್ಕಿ ಚೀಲದ ಫೋಟೋ ಕಳಿಸಿ, ಅಂಗಡಿ ಬಿಲ್ ಕಳಿಸಿ. ಪಟ್ಟಿಯನ್ನ ನೋಟಿಸ್ ಬೋರ್ಡಿಗೆ ಅಂಟಿಸಬೇಡಿ, ವಾಟ್ಸಾಪಿಗೆ ಹಾಕಬೇಡಿ. ಅಕ್ಕಿ ಕೊಟ್ಟು ಬರುವಾಗ ಪೆನ್ಷನ್ ಯಾಕೆ ನಿಂತಿದೆ ಅಂತ ಕೇಳಿ ಬಿಡೋದಲ್ಲ, ಆಧಾರ್ ಕಾರ್ಡು ಈಸ್ಕೊಂಡು ಸೋಮವಾರ ನಾಡಕಚೇರಿಗೆ ಹೋಗಿ. ನಿಮಗೆ ಭಯ ಆದ್ರೆ ನಮ್ಮನ್ನ ಕರೀರಿ, ನಾವು ಮುಂದೆ ನಿಲ್ತೀವಿ. ಬಿಷಪ್ಪರು, ಫಾದರ್‌ಗಳು ಕಾನ್ವೆಂಟ್ ವಿಷಯ ಬಂದ್ರೆ ವಿಧಾನಸೌಧಕ್ಕೆ ಹೋಗ್ತಾರೆ. 1950ರ ಆದೇಶದ ವಿಷಯಕ್ಕೆ ಊರೂರಲ್ಲಿ ಪೂಜೆಯಾದ ಮೇಲೆ ಹತ್ತು ನಿಮಿಷ ಮಾತಾಡಲಿ. ಬೇಡ, ಮೊದಲು ಪಾಲನಾ ಸಮಿತಿಯಲ್ಲಿ ನಮ್ಮೋರಿಗೆ ಎರಡು ಕುರ್ಚಿ ಹಾಕಲಿ.

ನಮ್ಮ ಸಂಗಾತಿಗಳಿಗೆ ಹೇಳೋದು ಕಡಿಮೆ ಇದೆ. ದಲಿತ ಕ್ರೈಸ್ತರ ಎಸ್‌ಸಿ ಪ್ರಶ್ನೆ ಬಂದಾಗ ನಮ್ಮ ಪಾಲು ಕಡಿಮೆ ಆಗುತ್ತೆ ಅಂತ ಬಾಯಿ ಮುಚ್ಕೊಳೋರು ನಮ್ಮಲ್ಲೂ ಇದಾರೆ. ಒಳಮೀಸಲಾತಿಗೆ ಮೂವತ್ತು ವರ್ಷ ಬೀದಿಯಲ್ಲಿ ಕೂತೋರಿಗೆ ಆ ಭಯ ಬರೋದು ಸಹಜ, ಅದನ್ನ ನಾನು ಹೀಯಾಳಿಸಲ್ಲ. ಕೂತು ಮಾತಾಡೋಣ. ಆದ್ರೆ ಆ ಹೆಂಗಸರ ಕೈಯಲ್ಲಿ ಅಕ್ಕಿ ಚೀಲ ನೋಡಿ ನಗೋದು ಬಿಡಿ.

ಹುಡುಗನ ಕೇಸ್ ಏನಾಯ್ತು ಅಂತ ಕೇಳ್ತೀರಿ. ಆ ಫೋಟೋ ತೆಗೆದು ಹಾಕಿದ್ದು ಅಲ್ಲಿನ ಒಬ್ಬ ಟೈಲರ್. ಬಸ್ ಸ್ಟ್ಯಾಂಡ್ ಹತ್ರ ಒಂದು ಮೆಷಿನ್ ಇಟ್ಕೊಂಡು ಹರಿದ ಬಟ್ಟೆ ಹೊಲೀತಾನೆ. ಅವನೂ ಕೇರಿಯೋನೇ. ಅವನಪ್ಪನ ಕಾಲದಲ್ಲಿ ಚರ್ಚ್ ಸೇರಿದ ಮನೆ, ಅವನಿಗೆ ಎಸ್‌ಸಿ ಸರ್ಟಿಫಿಕೇಟ್ ಇಲ್ಲ, ಮಗಳಿಗೂ ಇಲ್ಲ. ಸಭೆಯವರು ಪತ್ರ ಕೊಡಲ್ಲ ಅಂದ ರಾತ್ರಿ ಅವನು ನಮ್ಮ ವಕೀಲರ ಮನೆ ಹುಡುಕ್ಕೊಂಡು ಬಂದ. ಲೆಟರ್‌ಹೆಡ್ ಇಲ್ಲ, ಸೀಲ್ ಇಲ್ಲ. ಛಾಪಾ ಕಾಗದದ ಮೇಲೆ ತನ್ನ ಸ್ವಂತ ಹೆಸರಲ್ಲಿ ಅಫಿಡವಿಟ್ ಕೊಡ್ತೀನಿ ಅಂದ. ಫೋಟೋ ತೆಗೆದಿದ್ದು ನಾನು, ಕೆಳಗಿನ ಬರಹ ಬರೆದಿದ್ದು ನಾನು, ಆ ಅಜ್ಜಿ ಯಾವ ಧರ್ಮ ಅಂತ ನಾನು ಕೇಳಿರಲಿಲ್ಲ, ಅವರು ನಮ್ಮ ಸಭೆಯವರಲ್ಲ ಅಂತ. ನಿನ್ನ ಮೇಲೆ ಕೇಸ್ ಆಗಬಹುದು ಕಣಪ್ಪ, ಯೋಚನೆ ಮಾಡು ಅಂತ ವಕೀಲರು ಮೂರು ಸಲ ಹೇಳಿದ್ರು. ಅವನು ಸುಮ್ಮನೆ ಕೂತಿದ್ದ. ಆಮೇಲೆ, ನನ್ನ ಮಗಳಿಗಂತೂ ಸಿಗಲಿಲ್ಲ ಸಾರ್, ಇವನಿಗಾದ್ರೂ ಸಿಗಲಿ ಅಂದ.

ಮುಂದಿನ ತಿಂಗಳು ಡಿಸಿ ಕಚೇರಿಯಲ್ಲಿ ವಿಚಾರಣೆ. ಅವನು ಸಾಕ್ಷಿಗೆ ಬರ್ತಾನೆ. ಆ ದಿನ ಅಂಗಡಿ ಮುಚ್ಬೇಕು, ಸೀಸನ್ ಟೈಮು. ಹೋಗಿ ಬರೋ ಖರ್ಚು ನಾವು ಕೊಡ್ತೀವಿ ಅಂದ್ರೆ ಬೇಡ ಅಂದ. ಮೊದಲನೇ ಬಸ್ ಎಷ್ಟೊತ್ತಿಗೆ ಅಂತ ಮಾತ್ರ ಕೇಳಿದ. ಐದೂವರೆಗೆ ಅಂತ ಹೇಳಿದೀನಿ. ಆ ದಿ‌ನ ಬಿಡುವಿರೋ ಗೆಳೆಯರು ಇನ್‌ಬಾಕ್ಸ್‌ಗೆ ಬನ್ನಿ, ಎಲ್ಲಿಗೆ ಬರ್ಬೇಕು ಅಂತ ಹೇಳ್ತೀನಿ. ಅವನ ಪಕ್ಕ ನಾಲ್ಕು ಜನ ನಿಂತಿರಬೇಕು.

ಜೈಭೀಮ್.